ಗಾಜಿನ ಮೈಯವರು

ಬವೇರಿಯಾದ ರಾಜಕುಮಾರಿ ಅಲೆಕ್ಸಾಂಡ್ರಾ ಅಮೇಲಿ (1826–1875) ಅರಮನೆಯಲ್ಲಿ ಓಡಾಡುವಾಗ ಬಾಗಿಲು ಬಂದಲ್ಲೆಲ್ಲ ಮೈ ಓರೆ ಮಾಡಿಕೊಂಡು ನುಸುಳುತ್ತಿದ್ದಳಂತೆ. ಕಾರಣ ಕೇಳಿದರೆ, ಚಿಕ್ಕಂದಿನಲ್ಲಿ ಒಂದು ಗಾಜಿನ ಪಿಯಾನೊ ನುಂಗಿಬಿಟ್ಟಿದ್ದೇನೆ, ಅದು ಹೊಟ್ಟೆಯಲ್ಲಿ ಇಡಿಯಾಗಿಯೇ ಇದೆ, ಎಲ್ಲಿಯಾದರೂ ತಾಗಿದರೆ ಚೂರಾಗುತ್ತದೆ ಎನ್ನುತ್ತಿದ್ದಳು. ದಡ್ಡಿಯೇನಲ್ಲ. ಮಕ್ಕಳಿಗಾಗಿ ಕಥೆ ಬರೆದು ಅಚ್ಚು ಮಾಡಿಸಿದವಳು.

ಗಾಜಿನ ಭ್ರಮೆಗೆ ಒಳಗಾದವರ ಸಾಲಿನಲ್ಲಿ ಅವಳು ತೀರಾ ಕೊನೆಯ ಕಡೆ ನಿಲ್ಲುತ್ತಾಳೆ. 15ರಿಂದ 17ನೇ ಶತಮಾನದ ಯುರೋಪಿನಲ್ಲಿ ಇಂಥವರ ವೃತ್ತಾಂತಗಳು ಮತ್ತೆ ಮತ್ತೆ ಎದುರಾಗುತ್ತವೆ. ಎಲ್ಲರಿಗಿಂತ ಪ್ರಸಿದ್ಧ ರೋಗಿ ಫ್ರಾನ್ಸಿನ ದೊರೆ ಆರನೇ ಚಾರ್ಲ್ಸ್. 1392ರ ಆಗಸ್ಟಿನ ಸುಡುಬಿಸಿಲಲ್ಲಿ ಲ ಮಾನ್ ಪಟ್ಟಣದ ಬಳಿಯ ಕಾಡಿನಲ್ಲಿ ಅವನ ದಂಡು ಸಾಗುತ್ತಿದ್ದಾಗ, ಊಳಿಗದ ಹುಡುಗನೊಬ್ಬನ ಕೈಯಿಂದ ಭರ್ಜಿ ಜಾರಿ ಶಿರಸ್ತ್ರಾಣಕ್ಕೆ ಖಣಲ್ಲೆಂದು ಬಡಿಯಿತು. ಬೆಚ್ಚಿದ ದೊರೆ ಕತ್ತಿ ಹಿರಿದು ತನ್ನವರ ಮೇಲೆಯೇ ಬಿದ್ದ, ಹಲವರು ಸತ್ತರು. ಅಲ್ಲಿಂದ ಮೂವತ್ತು ವರ್ಷ, 1422ರಲ್ಲಿ ಸಾಯುವ ತನಕ, ಅವನ ಬುದ್ಧಿ ಬಂದು ಹೋಗಿ ಮಾಡುತ್ತಿತ್ತು. ತನ್ನ ಹೆಸರು ಮರೆಯುತ್ತಿದ್ದ, ಹೆಂಡತಿಯ ಗುರುತು ಹಿಡಿಯುತ್ತಿರಲಿಲ್ಲ. ಮೈ ಗಾಜಿನದೆಂದು ನಂಬಿ, ಯಾರಾದರೂ ತಾಗಿ ಒಡೆದೀತೆಂದು ಬಟ್ಟೆಯೊಳಗೆ ಕಬ್ಬಿಣದ ಸರಳು ಸೇರಿಸಿಕೊಂಡಿದ್ದ ಎಂದು ಬರೆದವರು ಪೋಪ್ ಎರಡನೇ ಪಿಯುಸ್. ಅವರು ಹುಟ್ಟಿದ್ದೇ 1405ರಲ್ಲಿ. ಇದು ಕಂಡದ್ದಲ್ಲ, ಕೇಳಿದ್ದು. ಸರಳುಗಳ ಕಥೆಗೆ ದಾರಿಯಲ್ಲಿ ಒಂದಿಷ್ಟು ಉಪ್ಪುಖಾರ ಸೇರಿರಬಹುದು.

ವೈದ್ಯರು ಈ ಕಾಯಿಲೆಗೆ ಕೊಟ್ಟ ಹೆಸರು ಮೆಲಾಂಕಲಿ. ಗ್ರೀಕಿನಲ್ಲಿ ಅದರ ಅರ್ಥ ‘ಕರಿ ಪಿತ್ತ’. ವಾತ, ಪಿತ್ತ, ಕಫಗಳ ಲೆಕ್ಕ ನಮ್ಮ ಕಡೆಯವರಿಗೆ ಹೊಸದಲ್ಲ; ಗ್ರೀಕರ ಲೆಕ್ಕದಲ್ಲಿ ಇದ್ದದ್ದು ರಕ್ತ, ಕಫ, ಹಳದಿ ಪಿತ್ತ, ಕರಿ ಪಿತ್ತ ಎಂಬ ನಾಲ್ಕು ರಸಗಳು. ನಾವು ‘ಪಿತ್ತ ನೆತ್ತಿಗೇರಿದೆ’ ಎಂದು ಬೈಗುಳವಾಗಿ ಅನ್ನುವುದನ್ನು ಯುರೋಪಿನ ವೈದ್ಯರು ರೋಗನಿದಾನವಾಗಿಯೇ ನಂಬಿದ್ದರು. ಗುಲ್ಮದ ಕರಿ ಪಿತ್ತ ಕೆಟ್ಟರೆ ಅದರ ಹೊಗೆ ಮಿದುಳಿಗೇರಿ ಕಲ್ಪನಾಶಕ್ತಿಯನ್ನು ಮಸಿ ಮಾಡುತ್ತದೆ ಎಂಬುದು ಅವರ ವಾದ. ಅಂಥ ರಸ ಮನುಷ್ಯನ ಮೈಯಲ್ಲಿ ಇಲ್ಲವೇ ಇಲ್ಲ. ಆದರೂ ಅದು ಎರಡು ಸಾವಿರ ವರ್ಷ ಬಾಳಿತು, 1621ರಲ್ಲಿ ಆಕ್ಸ್‌ಫರ್ಡಿನ ರಾಬರ್ಟ್ ಬರ್ಟನ್ ಎಂಬ ಪಾದ್ರಿಯಿಂದ ಮೆಲಾಂಕಲಿಯ ಬಗ್ಗೆ ಒಂದು ಬೃಹದ್ಗ್ರಂಥವನ್ನೇ ಬರೆಸಿತು.

ಚಿಕಿತ್ಸೆಗಳು ರೋಗದಷ್ಟೇ ಸ್ವಾರಸ್ಯ. ಮೂತ್ರ ಮಾಡಿದರೆ ಊರೇ ಮುಳುಗೀತೆಂದು ತಡೆದುಕೊಂಡು ಕೂತ ಸಿಯೆನಾದ ಗೃಹಸ್ಥನೊಬ್ಬನ ಕಥೆ ಹೇಳುತ್ತಾರೆ. ವೈದ್ಯರು ಪಕ್ಕದ ಮನೆಗೆ ಬೆಂಕಿ ಹಚ್ಚಿಸಿ, ಗಂಟೆ ಬಾರಿಸಿ, ಊರು ಉಳಿಸುವುದು ನಿಮ್ಮ ಕೈಯಲ್ಲಿದೆ ಎಂದು ಅಂಗಲಾಚಿದರಂತೆ. ಅವನು ಊರನ್ನೂ ಉಳಿಸಿದ, ತನ್ನನ್ನೂ. ಸ್ಪೇನಿನ ವೈದ್ಯ ಆಲ್ಫಾನ್ಸೊ ಪೊನ್ಸೆ ದೆ ಸಾಂತಾ ಕ್ರೂಸ್ ದಾಖಲಿಸಿದ ಗಾಜಿನ ಮನುಷ್ಯನಿಗೆ ಮಲಗಲು ಹುಲ್ಲಿನ ಹಾಸಿಗೆ ಬೇಕಿತ್ತು. ವೈದ್ಯ ಅದಕ್ಕೆ ಕಿಚ್ಚಿಟ್ಟು ಬಾಗಿಲು ಹಾಕಿಕೊಂಡ. ಒಳಗಿನಿಂದ ಬಾಗಿಲು ಗುದ್ದಿದವನಿಗೆ, ಇಷ್ಟು ಗುದ್ದಿದರೂ ನೀನೇಕೆ ಒಡೆಯಲಿಲ್ಲ ಎಂಬ ಪ್ರಶ್ನೆ ಕಾದಿತ್ತು. ಇಂದು ಹೀಗೆ ಮಾಡಿದ ವೈದ್ಯ ಜೈಲಿಗೆ ಹೋಗುತ್ತಾನೆ.

ಸ್ಪೇನಿನ ಲೇಖಕ ಸೆರ್ವಾಂಟಿಸ್ 1613ರಲ್ಲಿ ಪ್ರಕಟಿಸಿದ ಕಥೆಯೊಂದರಲ್ಲಿ ಇಂಥ ರೋಗಿಯೇ ನಾಯಕ. ಹೆಣ್ಣೊಬ್ಬಳು ಒಲಿಸಿಕೊಳ್ಳಲೆಂದು ಹಣ್ಣಿನಲ್ಲಿ ಮದ್ದು ಹಾಕಿ ತಿನ್ನಿಸುತ್ತಾಳೆ. ಹಾಸಿಗೆ ಹಿಡಿದು ಎದ್ದ ತರುಣ ವಿದ್ವಾಂಸ ತಾನು ಗಾಜಾಗಿದ್ದೇನೆ ಎನ್ನುತ್ತಾನೆ. ಹೆಂಚು ತಲೆಯ ಮೇಲೆ ಬಿದ್ದೀತೆಂದು ಬೀದಿಯ ನಟ್ಟನಡುವೆ ನಡೆಯುತ್ತಾನೆ, ಚಳಿಗಾಲದಲ್ಲಿ ಕತ್ತಿನವರೆಗೆ ಹುಲ್ಲಿನಲ್ಲಿ ಹೂತುಕೊಂಡು ಮಲಗುತ್ತಾನೆ. ಅವನ ಹರಿತ ಮಾತು ಕೇಳಲು ಜನ ಮುತ್ತುತ್ತಾರೆ. ವಾಸಿಯಾದ ಮೇಲೆ ಮಾತ್ರ ಅದೇ ಬುದ್ಧಿಗೆ ಬೆಲೆ ಕೊಡುವವರು ಸಿಗುವುದಿಲ್ಲ.

ಗಾಜೇ ಯಾಕೆ? ಗ್ರೀಕ್ ವೈದ್ಯ ಗ್ಯಾಲೆನ್ ಕಂಡ ರೋಗಿ ತನ್ನನ್ನು ಮಣ್ಣಿನ ಗಡಿಗೆ ಎಂದುಕೊಂಡಿದ್ದ. ಅದಾಗಿ ಸಾವಿರಕ್ಕೂ ಹೆಚ್ಚು ವರ್ಷಗಳ ನಂತರ, 15ನೇ ಶತಮಾನದ ನಡುವಿನಲ್ಲಿ, ವೆನಿಸ್ ಬಳಿಯ ಮುರಾನೊ ದ್ವೀಪದ ಕುಲುಮೆಗಳು ನೀರಿನಷ್ಟು ತಿಳಿಯಾದ ಗಾಜು ಮಾಡತೊಡಗಿದವು. ಬೆಳಕು ಹಾಯುವ, ದುಬಾರಿಯಾದ, ಒಂದೇ ಪೆಟ್ಟಿಗೆ ಪುಡಿಯಾಗುವ ವಸ್ತು. ಸೋಕಿದರೆ ಒಡೆಯುತ್ತೇನೆ ಎಂಬ ಅಂಜಿಕೆಗೆ ಗಡಿಗೆಗಿಂತ ಒಳ್ಳೆಯ ಪಾತ್ರೆ ಸಿಕ್ಕಂತಾಯಿತು. 1641ರಲ್ಲಿ ಫ್ರೆಂಚ್ ತತ್ವಜ್ಞಾನಿ ದೆಕಾರ್ತ್ ಮರುಳರ ಉದಾಹರಣೆ ಕೊಡುವಾಗ ಮಣ್ಣಿನ ತಲೆಯವರು, ಕುಂಬಳಕಾಯಿಯಾದವರು, ಗಾಜಿನವರು ಮೂವರನ್ನೂ ಒಂದೇ ಉಸಿರಲ್ಲಿ ಹೇಳುತ್ತಾನೆ.

ಇಲ್ಲಿ ಕಣ್ಣಿನ ದೋಷವಿರಬೇಕಿಲ್ಲ. ಮುಟ್ಟಿದರೆ ಕೈಗೆ ಸಿಗುವುದು ಮೆತ್ತನೆಯ ಚರ್ಮವೇ; ಆ ಸಾಕ್ಷಿ ನಂಬಿಕೆಯನ್ನು ಅಲುಗಾಡಿಸುವುದಿಲ್ಲ, ಅಷ್ಟೆ. ಜರ್ಮನ್ ಮನೋವೈದ್ಯ ಕಾರ್ಲ್ ಯಾಸ್ಪರ್ಸ್ 1913ರ ತನ್ನ ಗ್ರಂಥದಲ್ಲಿ ರೋಗಾನುಭವದ ರೂಪ ಬೇರೆ, ಅದರೊಳಗಿನ ವಿಷಯ ಬೇರೆ ಎಂದು ಬಿಡಿಸಿ ಹೇಳಿದ. ಅಲುಗಾಡದ ನಂಬಿಕೆ ಎಂಬ ರೂಪ ಗ್ಯಾಲೆನ್ನನ ಕಾಲಕ್ಕೂ ಇಂದಿಗೂ ಒಂದೇ. ವಿಷಯವನ್ನು ರೋಗಿ ತನ್ನ ಕಾಲದ ಸಂತೆಯಿಂದಲೇ ತರುತ್ತಾನೆ.

ಗಿರಣಿಗಳ ಕಾಲ ಬಂದಾಗ ಭ್ರಮೆ ಗಿರಣಿಗೆ ಹೋಯಿತು. 1797ರಲ್ಲಿ ಲಂಡನ್ನಿನ ಬೆತ್ಲೆಮ್ ಹುಚ್ಚಾಸ್ಪತ್ರೆ ಸೇರಿದ ಚಹಾ ವ್ಯಾಪಾರಿ ಜೇಮ್ಸ್ ಟಿಲ್ಲಿ ಮ್ಯಾಥ್ಯೂಸ್‌ಗೆ, ನೆಲಮಾಳಿಗೆಯಲ್ಲಿ ಅಡಗಿದ ಗುಂಪೊಂದು ‘ಗಾಳಿಮಗ್ಗ’ ಎಂಬ ಯಂತ್ರ ನಡೆಸಿ ತನ್ನ ತಲೆಯೊಳಗೆ ವಿಚಾರಗಳನ್ನು ತೂರಿಸುತ್ತಿದೆ ಎಂಬ ನಂಬಿಕೆ. ಅಲ್ಲಿನ ಔಷಧಗಾರ ಜಾನ್ ಹ್ಯಾಸ್ಲಮ್ 1810ರಲ್ಲಿ ಈ ಒಬ್ಬ ರೋಗಿಯ ಬಗ್ಗೆಯೇ ಪುಸ್ತಕ ತಂದ. ಅದರಲ್ಲಿ ಮ್ಯಾಥ್ಯೂಸ್ ಬಿಡಿಸಿದ ಮಗ್ಗದ ಚಿತ್ರವಿದೆ: ಕೊಳವೆ, ಪೀಪಾಯಿ, ಸನ್ನೆಗಳೆಲ್ಲ ಎಂಜಿನಿಯರನ ನಕ್ಷೆಯಷ್ಟು ಅಚ್ಚುಕಟ್ಟು. ಅದೇ ಹೊತ್ತಿಗೆ ಆಸ್ಪತ್ರೆಯ ಹೊಸ ಕಟ್ಟಡಕ್ಕೆ ನಕ್ಷೆಗಳ ಸ್ಪರ್ಧೆ ಕರೆದರು. ಮ್ಯಾಥ್ಯೂಸ್ ಅದಕ್ಕೂ ನಕ್ಷೆ ಹಾಕಿ ಕಳಿಸಿದ, ಆಡಳಿತ ಮಂಡಳಿ ಅವನಿಗೆ 30 ಪೌಂಡ್ ಕೊಟ್ಟಿತು. ಕಟ್ಟಡದ ಬಾಗಿಲು ತೆರೆದದ್ದು 1815ರಲ್ಲಿ. ಅವನು ಅದೇ ವರ್ಷದ ಜನವರಿಯಲ್ಲಿ ತೀರಿಕೊಂಡಿದ್ದ.