ಹುಡುಗ ಪೂಲ್ ಆಡೋಕೆ ಹೋದ್ರೆ ಹಾಳಾಗ್ತಾನಾ?

ಜುಲೈ ತಿಂಗಳ ಒಂದು ಸಂಜೆ. ಆಫೀಸಿನ ಗೇಮ್ ರೂಮಿನಲ್ಲಿ ಪೂಲ್ ಆಡ್ತಾ ಇದ್ದೆ. ಕಪ್ಪು ಎಂಟರ ಚೆಂಡು ಪಾಕೆಟ್ಟಿನ ಬಾಯಲ್ಲೇ ಕೂತಿತ್ತು, ಒಂದು ತಟ್ಟಿದ್ರೆ ಗೇಮ್ ನಂದು. ಅಷ್ಟರಲ್ಲಿ ಬ್ರಹ್ಮಾವರದಿಂದ ಅಕ್ಕನ ಫೋನು.

"ತಮ್ಮಾ, ನೀನಾರೂ ಒಂದ್ ಮಾತ್ ಹೇಳ್ ಮಾರಾಯ ಅವ್ನಿಗೆ. ನಾ ಹೇಳಿರೆ ಕೇಣುದಿಲ್ಲ. ಶಾಲಿ ಬಿಟ್ಟದ್ದೇ ಸೀದಾ ಆ ಪೂಲ್ ಆಡು ಜಾಗಕ್ಕೆ ಹೋತ."

ಅವನು ಅಂದ್ರೆ ಅಕ್ಕನ ಮಗ. ಒಂಬತ್ತನೇ ಕ್ಲಾಸು, ಹದಿನಾಲ್ಕು ವರ್ಷ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ನಾನು ಕ್ಯೂ ಗೋಡೆಗೆ ಒರಗಿಸಿ, ಆಚೆ ಬಂದು, ಅವನನ್ನು ಫೋನಿಗೆ ಕರೆಸಿ ಹತ್ತು ನಿಮಿಷ ಬೈದೆ. ಪೂಲ್ ಎಲ್ಲ ಹೊಟ್ಟೆಗೆ ಹಾಕಲ್ಲ, ಮೊದಲು ಓದು, ಆಮೇಲೆ ನಿನ್ನಿಷ್ಟ, ಹೀಗೆ. ಅವನು ಎಲ್ಲ ಕೇಳಿಸಿಕೊಂಡ. ಕೊನೆಗೆ ಒಂದೇ ಮಾತು ಅಂದ: "ಮಾವ, ಬೈಯೂಕ್ ಮುಂಚೆ ಒಂದ್ ಸಲ ಬಂದ್ ಕಾಣಿ."

ಫೋನಿಟ್ಟು ಒಳಗೆ ಬಂದು ಎಂಟರ ಚೆಂಡು ಹಾಕಿದೆ. ಆಮೇಲೆ ಇನ್ನೂ ಎರಡು ಗೇಮ್ ಆಡಿದೆ. ಮನೆಗೆ ಹೋಗುವಾಗ ಮೆಟ್ರೋದಲ್ಲಿ ನಾಚಿಕೆ ಆಯ್ತು.

ಅಟ್ಟಕ್ಕೆ ಹೋದ ಕೇರಂ ಬೋರ್ಡು

ನಮ್ಮ ಮನೆ ಬೈಂದೂರು ಹತ್ತಿರದ ಹಳ್ಳಿ. ಮಳೆಗಾಲದಲ್ಲಿ ಆಟ ಅಂದ್ರೆ ಚಾವಡಿಯಲ್ಲಿ ಕೇರಂ. ಥಂಡಿಗೆ ಬೋರ್ಡು ಉಬ್ಬಿಕೊಂಡು, ಎಷ್ಟು ಪೌಡರ್ ಹಾಕಿದ್ರೂ ಸ್ಟ್ರೈಕರ್ ಅರ್ಧಕ್ಕೇ ನಿಲ್ತಿತ್ತು. ಆದ್ರೂ ಕತ್ತಲಾಗುವವರೆಗೆ ಆಡ್ತಿದ್ದೆವು. ಪಿಯುಸಿಗೆ ಕುಂದಾಪುರಕ್ಕೆ ಸೇರಿದ ವರ್ಷ ಅಪ್ಪಯ್ಯ ಬೋರ್ಡನ್ನು ಅಟ್ಟಕ್ಕೆ ಹಾಕಿದರು. ಸಿಇಟಿ ಮುಗಿದ ಮೇಲೆ ಇಳಿಸೋಣ ಅಂದಿದ್ದರು. ಇಳಿಸಲಿಲ್ಲ, ನಾನೂ ಕೇಳಲಿಲ್ಲ.

ಬಿಟ್ಟಿದ್ರೆ ದೊಡ್ಡ ಆಟಗಾರ ಆಗ್ತಿದ್ದೆ ಅಂತೇನೂ ಹೇಳ್ತಿಲ್ಲ. ಆಗ್ತಿರಲಿಲ್ಲ ಅಂತಾನೇ ನನ್ನ ಅಂದಾಜು. ಆದ್ರೆ ಆ ಅಂದಾಜನ್ನು ಆಟ ಗೊತ್ತಿರುವ ಯಾರೂ ನೋಡಿ ಹೇಳಿದ್ದಲ್ಲ. ಅಪ್ಪಯ್ಯ ನಾನು ಆಡಿದ್ದನ್ನು ನೋಡಿಯೇ ಇರಲಿಲ್ಲ. ಈಗ ಅಳಿಯನ ವಿಷಯದಲ್ಲಿ ನಾನೂ ಅದನ್ನೇ ಮಾಡಿದ್ದೆ.

ಅವತ್ತು ರಾತ್ರಿ ಹುಡುಗನಿಗೆ ಬುದ್ಧಿ ಹೇಳೋಕೆ ಉದಾಹರಣೆ ಹುಡುಕ್ತಾ ಕೂತೆ. "ಇದರಲ್ಲಿ ಕೋಟಿಗೊಬ್ಬ ಮೇಲೆ ಬರ್ತಾನೆ, ಆ ಒಬ್ಬ ನೀನಲ್ಲ" ಅಂತ ತೋರಿಸೋದು ನನ್ನ ಪ್ಲಾನು. ಓದ್ತಾ ಹೋದ ಹಾಗೆ ಪ್ಲಾನು ಕೆಟ್ಟುಹೋಯ್ತು.

ಹದಿನಾರರ ವಿಶ್ವ ಚಾಂಪಿಯನ್

ಪೂಲ್‌ನಲ್ಲಿ ವೃತ್ತಿಪರರು ಹೆಚ್ಚಾಗಿ ಆಡುವುದು ನೈನ್ ಬಾಲ್. ಮೇಜಿನ ಮೇಲೆ ಒಂದರಿಂದ ಒಂಬತ್ತು ನಂಬರಿನ ಚೆಂಡುಗಳು. ಬಿಳಿ ಚೆಂಡು ಪ್ರತಿ ಸಲವೂ ಇರುವುದರಲ್ಲಿ ಸಣ್ಣ ನಂಬರಿಗೆ ಮೊದಲು ತಾಗಬೇಕು. ಒಂಬತ್ತನ್ನು ಪಾಕೆಟ್ಟಿಗೆ ಹಾಕಿದವನಿಗೆ ಆ ಸುತ್ತು.

2005ರಲ್ಲಿ ತೈವಾನಿನ ಕಾವೋಶ್ಯುಂಗ್‌ನಲ್ಲಿ ನೈನ್ ಬಾಲ್ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. ಫೈನಲ್‌ನಲ್ಲಿ ಮೊದಲು 17 ಸುತ್ತು ಗೆದ್ದವನು ಚಾಂಪಿಯನ್. ವು ಜಿಯಾಚಿಂಗ್ ಅನ್ನುವ ಹುಡುಗ ತನ್ನದೇ ದೇಶದ ಕುವೊ ಪೋಚೆಂಗ್ ಎದುರು 12-16ರಲ್ಲಿ ಹಿಂದಿದ್ದ. ಎದುರಾಳಿಗೆ ಬೇಕಿದ್ದದ್ದು ಇನ್ನೊಂದೇ ಒಂದು ಸುತ್ತು. ಹುಡುಗ ಅಲ್ಲಿಂದ ಸಾಲಾಗಿ ಐದು ಸುತ್ತು ಗೆದ್ದ. 17-16. ಅವನಿಗೆ ಆಗ 16 ವರ್ಷ. ಅದೇ ವರ್ಷ ಎಯ್ಟ್ ಬಾಲ್ ವಿಶ್ವ ಪ್ರಶಸ್ತಿಯನ್ನೂ ಗೆದ್ದ.

ನಮ್ಮಲ್ಲಿ ಹದಿನಾರು ಅಂದ್ರೆ ಫಸ್ಟ್ ಪಿಯುಸಿ. ಬೆಳಿಗ್ಗೆ ಟ್ಯೂಷನ್, ಸಂಜೆ ಟ್ಯೂಷನ್.

ಬೆಂಗಳೂರಿನ ಹುಡುಗ

ತೈವಾನ್ ಯಾಕೆ, ನಮ್ಮ ಕರ್ನಾಟಕದ್ದೇ ಇದೆಯಲ್ಲ. ಪಂಕಜ್ ಆಡ್ವಾಣಿ. ಅವರ ಆಟ ಬಿಲಿಯರ್ಡ್ಸ್ ಮತ್ತು ಸ್ನೂಕರ್, ಪೂಲ್‌ನ ದೊಡ್ಡಣ್ಣಂದಿರು. ನಮ್ಮ ಆಫೀಸುಗಳಲ್ಲಿರುವ ಪೂಲ್ ಟೇಬಲ್ ಏಳೆಂಟು ಅಡಿ ಉದ್ದ. ಸ್ನೂಕರ್ ಟೇಬಲ್ 12 ಅಡಿ, ಚೆಂಡು ಇನ್ನೂ ಸಣ್ಣದು. ಪೂಲ್ ಚೆನ್ನಾಗಿ ಆಡ್ತೀನಿ ಅಂದುಕೊಂಡವರು ಒಮ್ಮೆ ಅದರ ಮುಂದೆ ನಿಂತು ನೋಡಿ. ಬೈಂದೂರಿನ ಸೋಮೇಶ್ವರ ಬೀಚಿನಲ್ಲಿ ನಿಂತು ಸಮುದ್ರ ನೋಡಿದ ಹಾಗೆ, ಆಚೆ ದಡವೇ ಕಾಣಲ್ಲ.

ಪಂಕಜ್ ಹುಟ್ಟಿದ್ದು 1985ರಲ್ಲಿ ಪುಣೆಯಲ್ಲಿ. ಬಾಲ್ಯದ ಮೊದಲ ವರ್ಷಗಳು ಕುವೈತಿನಲ್ಲಿ. ಕೊಲ್ಲಿ ಯುದ್ಧದ ಸಮಯದಲ್ಲಿ ಕುಟುಂಬ ಬೆಂಗಳೂರಿಗೆ ಬಂತು. ಆರು ವರ್ಷಕ್ಕೇ ತಂದೆ ತೀರಿಕೊಂಡರು. ಅಮ್ಮ ಕಾಜಲ್ ಇಬ್ಬರು ಗಂಡುಮಕ್ಕಳನ್ನು ಬೆಳೆಸಿದರು. ಅಣ್ಣ ಶ್ರೀ ಸ್ನೂಕರ್ ಆಡ್ತಿದ್ದರು. ಅವರನ್ನು ನೋಡ್ತಾ ನೋಡ್ತಾ ಪಂಕಜ್ ಹತ್ತನೇ ವಯಸ್ಸಿಗೆ ಕ್ಯೂ ಹಿಡಿದರು. ಮುಂದೆ ಕಲಿಸಿದ್ದು ರಾಷ್ಟ್ರೀಯ ಚಾಂಪಿಯನ್ ಆಗಿದ್ದ ಅರವಿಂದ್ ಸವೂರ್, ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಯ ಟೇಬಲ್ಲುಗಳ ಮೇಲೆ.

ಮುಂದಿನದ್ದು ದಾಖಲೆ. 12ಕ್ಕೆ ಮೊದಲ ಪ್ರಶಸ್ತಿ. 2000ದಲ್ಲಿ ರಾಷ್ಟ್ರೀಯ ಜೂನಿಯರ್ ಬಿಲಿಯರ್ಡ್ಸ್ ಚಾಂಪಿಯನ್. 2003ರಲ್ಲಿ ಚೀನಾದ ಜಿಯಾಂಗ್ಮೆನ್‌ನಲ್ಲಿ, 18ನೇ ವಯಸ್ಸಿಗೆ, ಐಬಿಎಸ್ಎಫ್ ವಿಶ್ವ ಸ್ನೂಕರ್ ಚಾಂಪಿಯನ್. 2005ರಲ್ಲಿ ಮಾಲ್ಟಾದಲ್ಲಿ ವಿಶ್ವ ಬಿಲಿಯರ್ಡ್ಸ್‌ನ ಎರಡೂ ಮಾದರಿಗಳಲ್ಲಿ ಪ್ರಶಸ್ತಿ. 2009ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಮೈಕ್ ರಸಲ್ ಅವರನ್ನು ಸೋಲಿಸಿ ವೃತ್ತಿಪರ ಬಿಲಿಯರ್ಡ್ಸ್ ವಿಶ್ವ ಕಿರೀಟ. ಏಷ್ಯನ್ ಗೇಮ್ಸ್‌ನಲ್ಲಿ 2006 ಮತ್ತು 2010ರಲ್ಲಿ ಚಿನ್ನ. 2024ರ ನವೆಂಬರ್ ಹೊತ್ತಿಗೆ ವಿಶ್ವ ಪ್ರಶಸ್ತಿಗಳ ಲೆಕ್ಕ 28. ಪದ್ಮಶ್ರೀ, ಪದ್ಮಭೂಷಣ ಎರಡೂ ಬಂದಿವೆ.

ಇದನ್ನೆಲ್ಲ ಓದುವಾಗ ನನ್ನ ಕಣ್ಣು ನಿಂತದ್ದು 10 ಮತ್ತು 18ರ ನಡುವೆ. ಎಂಟು ವರ್ಷ. ಬಾಲ ಪ್ರತಿಭೆ ಅಂದ ತಕ್ಷಣ ನಮಗೆ ಒಂದು ರಾತ್ರಿಯಲ್ಲಿ ಎದ್ದು ಬಂದ ಹಾಗೆ ಅನಿಸ್ತದೆ. ಆದ್ರೆ ನಮ್ಮ ಕಡೆ ಯಕ್ಷಗಾನದಲ್ಲಿ ಹುಡುಗರು ಕೋಡಂಗಿ, ಬಾಲಗೋಪಾಲ ಅಂತ ಮೆಟ್ಟಿಲು ಹತ್ತಿ ಬಂದ ಹಾಗೆಯೇ ಇದೂ. ಚೌಕಿಯಲ್ಲಿ ಒಬ್ಬ ಹಿರಿಯರು ಹುಡುಗನ ಹೆಜ್ಜೆ ನೋಡಿ "ಇವ ಆದೀತು" ಅಂತಾರೆ. ಪಂಕಜ್ ವಿಷಯದಲ್ಲಿ ಮನೆಯಲ್ಲಿ ಅಣ್ಣ ಇದ್ದರು, ಟೇಬಲ್ ಹತ್ತಿರ ಸವೂರ್ ಇದ್ದರು. ಇಬ್ಬರಿಗೂ ಆಟ ಗೊತ್ತಿತ್ತು.

ಕುಂದಾಪುರದ ಕಡೆಯವರೇ ಆದ ಗುರುರಾಜ ಪೂಜಾರಿಯವರನ್ನು ನೆನಪಿಸಿಕೊಳ್ಳಿ. ಡ್ರೈವರ್ ತಂದೆಯ ಮಗ. ಕುಸ್ತಿಯ ಆಸೆ ಇಟ್ಟುಕೊಂಡಿದ್ದವರಿಗೆ ಉಜಿರೆಯ ಕಾಲೇಜಿನಲ್ಲಿ ವೇಟ್‌ಲಿಫ್ಟಿಂಗ್ ದಾರಿ ತೋರಿಸಿದ್ದು ಅಲ್ಲಿನ ಕೋಚ್. 2018ರ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ ಭಾರತದ ಮೊದಲ ಪದಕ ಅವರದ್ದೇ ಬೆಳ್ಳಿ. ಅವರಿಗೂ ಸರಿಯಾದ ವಯಸ್ಸಿನಲ್ಲಿ, ನೋಡಲು ಬಲ್ಲವರು ಸಿಕ್ಕರು.

ಅಕ್ಕನ ಮಾತೂ ಸುಳ್ಳಲ್ಲ

ಹಾಗಂತ ಅಕ್ಕ ಸುಮ್ಮನೆ ಹೆದರ್ತಾಳೆ ಅಂತಲ್ಲ. ಈ ಆಟ ಒಲಿಂಪಿಕ್ಸ್‌ನಲ್ಲಿ ಇಲ್ಲ. ಏಷ್ಯನ್ ಗೇಮ್ಸ್‌ನಲ್ಲಿ ಇತ್ತು, 2010ರ ನಂತರ ಮೂರು ಕೂಟಗಳಲ್ಲಿ ಇಲ್ಲ. ಪಂಕಜ್‌ಗೆ ಒಎನ್‌ಜಿಸಿಯಲ್ಲಿ ಕೆಲಸ ಇದೆ, ಆದ್ರೆ ಅಂಥ ಕೆಲಸ ಎಷ್ಟು ಜನರಿಗೆ ಸಿಕ್ಕೀತು? ಇಂಗ್ಲೆಂಡ್ ಕೇಂದ್ರವಾದ ವೃತ್ತಿಪರ ಸ್ನೂಕರ್ ಟೂರ್ ಅನ್ನೂ ಅವರು ಎರಡು ಸೀಸನ್ ಆಡಿದರು. 2013ರ ವೆಲ್ಷ್ ಓಪನ್‌ನಲ್ಲಿ ಕ್ವಾರ್ಟರ್ ಫೈನಲ್ ತನಕ ಹೋದರು. 2014ರಲ್ಲಿ ಆ ಜಾಗ ಬಿಟ್ಟು ವಾಪಸ್ ಬಂದರು. ಬಿಲಿಯರ್ಡ್ಸ್, ಸ್ನೂಕರ್ ಎರಡನ್ನೂ ಉಳಿಸಿಕೊಳ್ಳುವುದು ಅವರ ಆಯ್ಕೆ. ಅಷ್ಟು ದೊಡ್ಡ ಆಟಗಾರನೂ "ಇದು ಬೇಕು, ಇದು ಬೇಡ" ಅಂತ ಕೂತು ಲೆಕ್ಕ ಹಾಕಬೇಕಾಯ್ತು. ಬ್ರಹ್ಮಾವರದಲ್ಲಿ ಕೂತ ಒಬ್ಬ ಅಮ್ಮನಿಗೆ ಆ ಲೆಕ್ಕ ಇನ್ನೂ ಕಷ್ಟ.

ಜಾಗದ ಹೆಸರೂ ಒಂದು ಸಮಸ್ಯೆ. ಪೂಲ್ ಪಾರ್ಲರ್ ಅಂದ್ರೆ ಸಿನಿಮಾದಲ್ಲಿ ರೌಡಿಗಳು ಸಿಗರೇಟು ಸೇದುವ ಜಾಗ. ಸ್ನೂಕರ್ ಹುಟ್ಟಿದ್ದೇ ನಮ್ಮ ದೇಶದಲ್ಲಿ, 1875ರಲ್ಲಿ ಜಬಲ್ಪುರದ ಬ್ರಿಟಿಷ್ ಅಧಿಕಾರಿಗಳ ಮೆಸ್ಸಿನಲ್ಲಿ ಅಂತ ಅಕ್ಕನಿಗೆ ಹೇಳಿದೆ. "ಆಯ್ತ್, ಹಂಗಾರೆ ಜಬಲ್ಪುರಕ್ಕೆ ಕಳ್ಸ್" ಅಂದಳು.

ಕಾಣೂಕೆ ಹೋದೆ

ಆಗಸ್ಟಿನಲ್ಲಿ ಊರಿಗೆ ಹೋದಾಗ ಹುಡುಗನ ಜೊತೆ ಆ ಜಾಗಕ್ಕೆ ಹೋದೆ. ಒಂದು ಕಾಂಪ್ಲೆಕ್ಸಿನ ಮೇಲಿನ ಮಹಡಿ, ಎರಡು ಟೇಬಲ್, ಒಂದರ ಬಟ್ಟೆಗೆ ತೇಪೆ. ಮಳೆಗಾಲದ ಥಂಡಿಗೆ ಚೆಂಡು ಭಾರವಾಗಿ ಉರುಳ್ತಿತ್ತು, ನಮ್ಮ ಚಾವಡಿಯ ಕೇರಂ ನೆನಪಾಯ್ತು. ಸಿಗರೇಟು ಇರಲಿಲ್ಲ. ಮಾಲೀಕರು ಕೌಂಟರಿನಲ್ಲಿ ಕೂತು ಮೊಬೈಲಿನಲ್ಲಿ ಯಕ್ಷಗಾನ ನೋಡ್ತಿದ್ದರು.

ಆರು ಗೇಮ್ ಆಡಿದೆವು. ನಾನು ಐದು ಸೋತೆ. ಗೆದ್ದ ಒಂದೂ ಅವನು ಬಿಟ್ಟುಕೊಟ್ಟದ್ದು ಅಂತ ನನ್ನ ಅನುಮಾನ.

ಸೋತದ್ದಕ್ಕಿಂತ ನನ್ನ ತಲೆಯಲ್ಲಿ ಉಳಿದದ್ದು ಬೇರೆ. ನಾನು ಚೆಂಡು ಪಾಕೆಟ್ಟಿಗೆ ಬಿತ್ತಾ ಅಂತ ನೋಡ್ತಿದ್ದೆ. ಅವನು ಬಿಳಿ ಚೆಂಡು ಎಲ್ಲಿ ನಿಲ್ತದೆ ಅಂತ ನೋಡ್ತಿದ್ದ. ಒಂದು ಸಲ ಸುಲಭದ ಚೆಂಡು ಬಿಟ್ಟು ಕಷ್ಟದ್ದಕ್ಕೆ ಹೊಡೆದ. ಯಾಕೆ ಅಂದೆ. "ಅದ್ ಹಾಕಿರೆ ಮುಂದಿನ್ ಎರಡ್ಕೆ ದಾರಿ ಇಲ್ಲೆ ಮಾವ" ಅಂದ. ಗಣಿತದಲ್ಲಿ ಮೂವತ್ತೆಂಟು ತೆಗೆದ ಹುಡುಗ ಇವನೇನಾ ಅನಿಸ್ತು.

ಆದ್ರೆ ನನಗೆ ಅನಿಸಿದ್ದಕ್ಕೆ ಬೆಲೆ ಇಲ್ಲ. ನಾನು ಗೇಮ್ ರೂಮ್ ಆಟಗಾರ. ಭಾವನ ಹತ್ತಿರ ಒಂದೇ ಒಂದು ಕೇಳಿಕೊಂಡೆ: ದಸರಾ ರಜೆಯಲ್ಲಿ ಇವನನ್ನು ಬೆಂಗಳೂರಿಗೆ ಕಳಿಸಿ, ಗೊತ್ತಿದ್ದವರಿಗೆ ತೋರಿಸ್ತೇನೆ, ಅವರು ಏನು ಹೇಳ್ತಾರೋ ಅದು. ಭಾವ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ "ಗಣಿತದಾಗೆ ಅರವತ್ತ್ ಬರ್ಲಿ" ಅಂದರು. ಅರವತ್ತೊಂದು ಬಂತು.

ಹತ್ತರಲ್ಲಿ ಎರಡು

ಪಂಚಗಂಗಾ ರೈಲಿನಲ್ಲಿ ಭಾವನೇ ಕರಕೊಂಡು ಬಂದರು. ಬೆಂಗಳೂರಿನ ಒಂದು ಸ್ನೂಕರ್ ಕ್ಲಬ್ಬು, ಅಲ್ಲಿ ವರ್ಷಗಳಿಂದ ಮಕ್ಕಳಿಗೆ ಕಲಿಸುವ ಹಿರಿಯರೊಬ್ಬರು. 12 ಅಡಿ ಟೇಬಲ್ ನೋಡಿ ಹುಡುಗನ ಬಾಯಿ ಒಣಗಿತು.

ಅವರು ಯಾವ ಚೆಂಡನ್ನೂ ಹಾಕಿಸಲಿಲ್ಲ. ಬಿಳಿ ಚೆಂಡೊಂದನ್ನು ಇಟ್ಟು, ಟೇಬಲ್ಲಿನ ನಡುಗೆರೆಯ ಮೇಲೆ ನೇರ ಹೊಡೆದು, ಎದುರಿನ ಅಂಚಿಗೆ ತಾಗಿ ವಾಪಸ್ ಬಂದು ಕ್ಯೂ ತುದಿಗೇ ಮುಟ್ಟಬೇಕು ಅಂದರು. ಕೂದಲೆಳೆಯಷ್ಟು ಪಕ್ಕಕ್ಕೆ ತಾಗಿದ್ರೂ ಚೆಂಡು ಬೇರೆ ಕಡೆ ಹೋಗ್ತದೆ. ಹತ್ತು ಸಲ ಹೊಡೆದ. ಎರಡು ಸಲ ವಾಪಸ್ ಬಂತು.

ಅವರು ಒಂದು ಗಂಟೆ ನೋಡಿದರು. ಹೇಳಿದ್ದು ಇಷ್ಟು: ಕಣ್ಣಿದೆ. ಹೊಡೆಯುವಾಗ ತಲೆ ಎತ್ತುತ್ತಾನೆ, ಅದು ಹೋಗೋಕೆ ಒಂದು ವರ್ಷ ಬೇಕು. ಚಾಂಪಿಯನ್ ಆಗ್ತಾನಾ ಅಂತ ಕೇಳಬೇಡಿ, ಅದನ್ನು ಈಗ ಯಾರೂ ಹೇಳಲ್ಲ. ದಿನಕ್ಕೆ ಒಂದು ಗಂಟೆ ಕೊಡಿ, ಇದೊಂದನ್ನೇ ಮಾಡಲಿ, ಬೇಸಿಗೆ ರಜೆಯಲ್ಲಿ ಮತ್ತೆ ಕರಕೊಂಡು ಬನ್ನಿ.

ಆಚೆ ಬಂದು ಕಾಫಿ ಕುಡಿಯುವಾಗ ಭಾವ ಕೇಳಿದರು: "ತಲಿ ಎತ್ತುದ್ ಅಂದ್ರೆ ಎಂತ?" ಹುಡುಗ ಟೇಬಲ್ ಮೇಲೆ ಬಗ್ಗಿ, ಚಮಚವನ್ನೇ ಕ್ಯೂ ಮಾಡಿಕೊಂಡು ತೋರಿಸಿದ. ಭಾವ ನೋಡಿದರು. ಮೊದಲ ಸಲ.

ಈಗ ಮನೆಯಲ್ಲಿ ಒಂದು ಒಪ್ಪಂದ ಇದೆ. ಸಂಜೆ ಐದರಿಂದ ಆರು ಆಟ, ಆರೂವರೆಗೆ ಪುಸ್ತಕದ ಮುಂದೆ. ಅಕ್ಕ ಇನ್ನೂ ಪೂರ್ತಿ ಒಪ್ಪಿಲ್ಲ, ಗಡಿಯಾರ ಮಾತ್ರ ನೋಡ್ತಾಳೆ. ಮುಂದೆ ಏನಾಗ್ತದೋ ನನಗೆ ಗೊತ್ತಿಲ್ಲ. ಎಸ್ಸೆಸ್ಸೆಲ್ಸಿ ಬರ್ತದೆ, ಪಿಯುಸಿ ಬರ್ತದೆ, ಆಟ ಉಳೀಬಹುದು, ಬಿಡಬಹುದು. ಬಿಟ್ರೂ, ಅವನು ಆಡಿದ್ದನ್ನು ನೋಡಿದವರು ನಾಲ್ಕು ಜನ ಇದ್ದೇವೆ.

ನಿಮ್ಮ ಮನೆಯಲ್ಲೂ ಇಂಥ ಒಬ್ಬ ಹುಡುಗನೋ ಹುಡುಗಿಯೋ ಇದ್ರೆ, ಫೋನಿನಲ್ಲಿ ಬೈಯುವ ಮೊದಲು ಒಂದು ಸಂಜೆ ಹೋಗಿ ಪಕ್ಕದಲ್ಲಿ ಕೂತು ನೋಡಿ.

ನಮ್ಮವನು ದಿನಾ ರಾತ್ರಿ ನನಗೆ ಒಂದು ನಂಬರ್ ಮಾತ್ರ ಮೆಸೇಜ್ ಮಾಡ್ತಾನೆ. ಮೊದಲ ವಾರ ಎಲ್ಲ 2, 3, 2. ಆಮೇಲೆ 4. ನಿನ್ನೆ ಬಂದದ್ದು 6.