ಕಡ್ಡಿ ಲೆಕ್ಕ, ಕಾಸಿನ ಲೆಕ್ಕ

ಸೈಕಲ್ ಶಾಪ್ ಇಡಲು ಹೊರಟವರು ಮೊದಲು ಯೋಚಿಸುವುದು ಎಷ್ಟು ಹೊಸ ಸೈಕಲ್ ತಂದು ನಿಲ್ಲಿಸಬೇಕು ಅಂತ. ಅಂಗಡಿ ಸ್ವಲ್ಪ ಹಳೆಯದಾದ ಮೇಲೆ ಗೊತ್ತಾಗುತ್ತದೆ, ಮನೆ ಖರ್ಚು ತೂಗಿಸುತ್ತಿರುವುದು ಮೂಲೆಯಲ್ಲಿ ತಲೆಕೆಳಗಾಗಿ ನಿಂತ ಹಳೇ ಸೈಕಲ್‌ಗಳು ಎಂದು.

ಹೊಸದರಲ್ಲಿ ಲಾಭ ತೆಳು. ಮಕ್ಕಳದ್ದೇ 12, 14, 16, 20, 24 ಇಂಚು ಎಂದು ಅಳತೆಗಳಿವೆ. ಒಂದೊಂದರಲ್ಲೂ ಎರಡು ಮೂರು ಬಣ್ಣ ಇಡಬೇಕು, ಮಗು ಕೇಳುವುದು ಮಾತ್ರ ಇಲ್ಲದ ಬಣ್ಣವನ್ನೇ. ಹಾಕಿದ ಬಂಡವಾಳವೆಲ್ಲ ಹೀಗೆ ಗೋಡೆಗೆ ಒರಗಿ ನಿಲ್ಲುತ್ತದೆ. ಬೇಸಿಗೆ ರಜೆ, ಶಾಲೆ ಶುರುವಾಗುವ ಹೊತ್ತು, ದಸರಾ ಬಿಟ್ಟರೆ ಉಳಿದ ತಿಂಗಳು ಧೂಳು ಒರೆಸುವ ಕೆಲಸ. 2025ರ ಸೆಪ್ಟೆಂಬರ್‌ನಲ್ಲಿ ಸೈಕಲ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದದ್ದು ಗಿರಾಕಿಗೆ ಒಳ್ಳೆಯದೇ, ಆದರೆ ಅಂಗಡಿಯವರ ಪಾಲು ಅದರಿಂದ ದಪ್ಪವಾಗಲಿಲ್ಲ.

ಆನ್‌ಲೈನಿನಲ್ಲಿ ಕೊಂಡ ಸೈಕಲ್ ಪೆಟ್ಟಿಗೆಯಲ್ಲಿ ಬರುತ್ತದೆ. ಹ್ಯಾಂಡಲ್, ಪೆಡಲ್, ಮುಂದಿನ ಚಕ್ರ ನಾವೇ ಕೂಡಿಸಿಕೊಳ್ಳಬೇಕು. ಎಡಗಡೆ ಪೆಡಲಿನ ಥ್ರೆಡ್ಡು ಉಲ್ಟಾ ಎಂದು ತಿಳಿಯದ ಅಪ್ಪ ಜೋರಾಗಿ ತಿರುಗಿಸಿ, ಕ್ರ್ಯಾಂಕನ್ನೇ ಕೆಡಿಸಿಕೊಂಡು ಶಾಪಿಗೆ ಬರುತ್ತಾರೆ. ಫಿಟ್ಟಿಂಗ್ ಕೂಲಿ ಹೇಳಿದರೆ, ‘ನಿಮ್ಮ ಹತ್ರಾನೇ ತಗೊಂಡಿದ್ರೆ ಫ್ರೀ ಅಲ್ವಾ?’ ಅನ್ನುತ್ತಾರೆ. ಹೌದು, ಫ್ರೀಯೇ.

ರಿಪೇರಿಯಲ್ಲಿ ನಿಜವಾದ ವಿದ್ಯೆ ಬೆಂಡ್ ತೆಗೆಯುವುದು. ಹಳೇ ಕರಿ ಜೆಂಟ್ಸ್ ಸೈಕಲ್ಲಿಗೆ ಮುಂದೆ 32 ಕಡ್ಡಿ, ಭಾರ ಬೀಳುವ ಹಿಂದಿನ ಚಕ್ರಕ್ಕೆ 40. ಒಂದು ಮುರಿದರೆ ಎದುರು ಬದಿಯ ಕಡ್ಡಿಗಳು ರಿಮ್ಮನ್ನು ತಮ್ಮತ್ತ ಎಳೆದುಕೊಳ್ಳುತ್ತವೆ. ಚಕ್ರ ತಿರುಗಿಸಿ, ಸೀಮೆಸುಣ್ಣ ತಾಗಿಸಿ, ರಿಮ್ ವಾಲಿದ ಜಾಗ ಗುರುತು ಮಾಡಿ, ನಿಪ್ಪಲನ್ನು ಕಾಲು ಸುತ್ತು, ಅರ್ಧ ಸುತ್ತು ತಿರುಗಿಸುತ್ತ ಹೋಗಬೇಕು. ಒಂದು ಬದಿ ಬಿಗಿ, ಇನ್ನೊಂದು ಬದಿ ಸಡಿಲ. ಅವಸರಕ್ಕೆ ಒಂದೇ ಬದಿ ಬಿಗಿಯುತ್ತ ಹೋದರೆ ವಾಲುವುದು ನಿಲ್ಲುತ್ತದೆ, ಚಕ್ರ ಮಾತ್ರ ಮೊಟ್ಟೆಯಂತಾಗುತ್ತದೆ. ಕೋನ್ ಕೂಡಿಸುವುದೂ ಅಷ್ಟೇ ನಾಜೂಕು. ಬಿಗಿಯಾದರೆ ಬೇರಿಂಗ್ ಗುಂಡು ಸವೆಯುತ್ತದೆ, ಸಡಿಲಾದರೆ ಚಕ್ರ ಅಲ್ಲಾಡುತ್ತದೆ.

ಇಷ್ಟು ಕಲಿಯಲು ವರ್ಷಗಳು ಹಿಡಿಯುತ್ತವೆ, ಕೂಲಿ ಪಂಕ್ಚರಿಗಿಂತ ತುಸು ಹೆಚ್ಚು ಅಷ್ಟೆ. ಟೈರಿನ ಬೆಲೆಗೆ ಚೌಕಾಸಿ ಮಾಡದವರೂ ಕೂಲಿಗೆ ಮಾಡುತ್ತಾರೆ. ಈ ವ್ಯಾಪಾರದ ರೋಗ ಆನ್‌ಲೈನಿಗಿಂತ ಇದೇ ಎಂದು ನನ್ನ ಅನಿಸಿಕೆ. ಕೂಲಿಯನ್ನು ಸಾಮಾನಿನ ಬೆಲೆಯೊಳಗೇ ಸೇರಿಸಿಬಿಡುವವರಿದ್ದಾರೆ, ಅವರನ್ನು ತಪ್ಪೆನ್ನಲಾರೆ. ಶಾಪಿನ ಹುಡುಗರು ನಾಲ್ಕು ಸ್ಪ್ಯಾನರ್ ಹಿಡಿಯಲು ಕಲಿತದ್ದೇ ಬೈಕ್ ಗ್ಯಾರೇಜು ಸೇರುವುದೂ ಇದೇ ಕಾರಣಕ್ಕೆ.

ಶಾಪುಗಳು ಸೈಕಲ್ಲನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡುವುದೂ ಈಗ ಹೆಚ್ಚು ಕಡೆ ಇಲ್ಲ. ಮೈಸೂರಿನಲ್ಲಿ 2017ರಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಸಾರ್ವಜನಿಕ ಬಾಡಿಗೆ ಸೈಕಲ್ ಯೋಜನೆ ಬಂದಾಗ ಬಾಡಿಗೆ ನೋಟ್‌ಬುಕ್ಕಿನ ಜಾಗಕ್ಕೆ ಕಾರ್ಡು ಬಂತು. ಎಂಟನೇ ತರಗತಿ ಮಕ್ಕಳಿಗೆ 2006-07ರಲ್ಲಿ ಶುರುವಾದ ಸರ್ಕಾರಿ ಉಚಿತ ಸೈಕಲ್ ಯೋಜನೆ ಹಳ್ಳಿ ಶಾಪುಗಳ ಹೊಸ ಸೈಕಲ್ ಮಾರಾಟವನ್ನು ಕಡಿಮೆ ಮಾಡಿದರೂ ಟ್ಯೂಬು, ಚೈನು, ಬ್ರೇಕಿನ ಕೆಲಸ ತಂದುಕೊಟ್ಟಿತು. ಕೋವಿಡ್ ಹೊತ್ತಿಗೆ ಆ ಯೋಜನೆಯೂ ನಿಂತಿತು. 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನವೇ, ಅಟ್ಲಾಸ್ ಕಂಪನಿ ಸಾಹಿಬಾಬಾದಿನ ಕಾರ್ಖಾನೆ ನಿಲ್ಲಿಸಿತು. ಅದರ ಸೈಕಲ್‌ಗಳು ಮಾತ್ರ ಈಗಲೂ ರಿಪೇರಿಗೆ ಬರುತ್ತವೆ.

ಬೆಂಗಳೂರಿನ ಗೇರ್ ಸೈಕಲ್ ಅಂಗಡಿಗಳಲ್ಲಿ ಸರ್ವಿಸಿನ ದರಪಟ್ಟಿ ಗೋಡೆಯ ಮೇಲೇ ಇರುತ್ತದೆ. ಗಿರಾಕಿ ಓದಿ, ಚೌಕಾಸಿಯಿಲ್ಲದೆ ದುಡ್ಡು ಕೊಡುತ್ತಾನೆ. ಹೊಸದಾಗಿ ಶಾಪ್ ತೆರೆಯುವವರು, ಅದು ಹೋಬಳಿ ಊರಿನಲ್ಲೇ ಇರಲಿ, ಮೊದಲ ದಿನವೇ ಅಂಥದೊಂದು ಬೋರ್ಡು ಬರೆಸುವುದು ವಾಸಿ. ಗಾಳಿ ಹಾಕುವುದನ್ನೂ ಅದರಲ್ಲಿ ಸೇರಿಸಲಿ, ಕಂಪ್ರೆಸರಿಗೂ ಕರೆಂಟ್ ಬಿಲ್ ಬರುತ್ತದೆ.