ದುಡಿಮೆ ಮತ್ತು ಆಟ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಬಾಳು ಮಳೆಯನ್ನೂ ಮಾರುಕಟ್ಟೆಯ ಬೆಲೆಯನ್ನೂ ನೆಚ್ಚಿಕೊಂಡಿದೆ. ಹೊಗೆಸೊಪ್ಪನ್ನು ಹದಗೊಳಿಸುವಾಗ ಬ್ಯಾರನ್ನಿನ ಬೆಂಕಿಯನ್ನು ಹಗಲಿರುಳೂ ಕಾಯಬೇಕು. ಹರಾಜಿನಲ್ಲಿ ದೊರೆಯುವ ಬೆಲೆ ಮಾತ್ರ ಬೆಳೆದವನ ಕೈಯಲ್ಲಿಲ್ಲ. ಇಂತಹ ಅನಿಶ್ಚಿತತೆಯಲ್ಲಿ ದೇಹದೊಡನೆ ಮನಸ್ಸೂ ಬಳಲುತ್ತದೆ.

ಮೈಮುರಿದು ದುಡಿಯುವವನಿಗೆ ಆಟವೇಕೆ ಎಂದು ಕೇಳಬಹುದು. ದುಡಿಮೆಯಲ್ಲಿ ಕೆಲವೇ ಅಂಗಗಳು ಒಂದೇ ಬಗೆಯಾಗಿ ಸವೆಯುತ್ತವೆ. ಆಟದಲ್ಲಿ ಇಡೀ ದೇಹ ಚೇತರಿಸಿಕೊಳ್ಳುತ್ತದೆ. ದುಡಿಮೆಯಲ್ಲಿ ಅಧಿಕಾರಿ, ಆಳು ಎಂಬ ಭೇದವುಂಟು. ಕಬಡ್ಡಿಯ ಅಂಕಣದಲ್ಲಿ ಅದು ಅಳಿಯುತ್ತದೆ. ಆದ್ದರಿಂದಲೇ ನಾಡಿನ ಹಲವು ಕಾರ್ಖಾನೆಗಳು ತಮ್ಮವೇ ತಂಡಗಳನ್ನು ಕಟ್ಟಿಕೊಂಡವು. ಬೆಂಗಳೂರಿನ ದೂರವಾಣಿ ಕಾರ್ಖಾನೆಯಾದ ಐ.ಟಿ.ಐ.ಯ ಕಾಲ್ಚೆಂಡು ತಂಡವು 1977ರಲ್ಲಿ ಹೆಸರಾಂತ ಮೋಹನ್ ಬಗಾನ್ ತಂಡವನ್ನು ಸೋಲಿಸಿ, ಮೊತ್ತಮೊದಲ ಫೆಡರೇಷನ್ ಕಪ್ಪನ್ನು ಗೆದ್ದಿತು.

2020ರ ಮಾರ್ಚ್ ತಿಂಗಳಲ್ಲಿ ಕೊರೊನಾ ಪಿಡುಗಿನಿಂದಾಗಿ ಕಚೇರಿ, ಕಾರ್ಖಾನೆ, ಮೈದಾನಗಳು ಮುಚ್ಚಿದಾಗ ದುಡಿಯುವ ಜನ ಕಳೆದುಕೊಂಡದ್ದು ಕೂಲಿಯನ್ನು ಮಾತ್ರವಲ್ಲ, ಒಡನಾಟವನ್ನೂ.

ಆಟವು ಕೂಲಿಗೆ ಬದಲಾಗಲಾರದು. ಹಸಿದವನಿಗೆ ಚೆಂಡು ಅನ್ನವಾಗದು. ಆದರೆ ದಿನವೂ ಜೊತೆಗೆ ಆಡುವವನು ಒಂದು ಸಂಜೆ ಬಾರದಿದ್ದರೆ, ಅವನ ಮನೆಯ ಬಾಗಿಲು ತಟ್ಟಿ ವಿಚಾರಿಸುವವರು ಇರುತ್ತಾರೆ. ಕಷ್ಟಕಾಲದಲ್ಲಿ ಅದು ಸಣ್ಣ ಆಸರೆಯಲ್ಲ.